ಹಳ್ಳಿಯ ಪತ್ತೇದಾರಿಣಿಯೂ ಇತಿಹಾಸಕಾರನ ಸಾಕ್ಷ್ಯವಿಚಾರವೂ

೧

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಕುರಿತ ಲೇಖನವೊಂದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ರೈಲುಪ್ರಯಾಣದಲ್ಲಿ ಹೊತ್ತು ಕಳೆಯಲೆಂದು ಓದಿ ಮುಗಿಸಿ, ಇಳಿಯುವಾಗ ಮರೆತು ಬಿಟ್ಟುಬರಬಹುದಾದ ಪುಸ್ತಕವೆಂದೇ ಈ ಜಾತಿಯ ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಬಗೆಯುತ್ತೇವೆ. ಆದರೆ ಇತಿಹಾಸದ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಹೊರಬಂದ ಗಂಭೀರ ಗ್ರಂಥಗಳ ಪೈಕಿ ಪ್ರಮುಖವಾದ ಒಂದರಲ್ಲಿ, ಎಂದರೆ ಆರ್. ಜಿ. ಕಾಲಿಂಗ್‌ವುಡ್ಡರ ‘ದಿ ಐಡಿಯಾ ಆಫ್ ಹಿಸ್ಟರಿ’ ಎಂಬುದರಲ್ಲಿ, ಒಂದು ಇಡೀ ಪತ್ತೇದಾರಿ ಕಥೆಯೇ ಅಡಕವಾಗಿದೆ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ರೋಮನ್ ಬ್ರಿಟನ್ನಿನ ಪುರಾತತ್ತ್ವಜ್ಞರೂ ಆಗಿದ್ದ ಕಾಲಿಂಗ್‌ವುಡ್ಡರು ೧೯೪೩ರಲ್ಲಿ ತೀರಿಕೊಂಡರು. ಗ್ರಂಥವು ೧೯೪೬ರಲ್ಲಿ ಪ್ರಕಟವಾಯಿತು. ಇತಿಹಾಸಕಾರನು ಸಾಕ್ಷ್ಯದಿಂದ ನಿರ್ಣಯಕ್ಕೆ ಬರುವ ಕ್ರಮವನ್ನು ವಿವರಿಸಲು ಅವರು ಆರಿಸಿಕೊಂಡ ನಿದರ್ಶನ ರಾಜರ ಯುದ್ಧವಲ್ಲ, ಒಪ್ಪಂದವಲ್ಲ. ಒಂದು ಆಂಗ್ಲ ಗ್ರಾಮದಲ್ಲಿ, ಪಾದ್ರಿಯ ಮನೆಯ ಪಕ್ಕದಲ್ಲಿ ನಡೆದ ಒಂದು ಕೊಲೆ.

ಈ ಆಯ್ಕೆ ಆಕಸ್ಮಿಕವಲ್ಲ. ಅದೇ ಕಾಲದಲ್ಲಿ ಲಕ್ಷಾಂತರ ಜನ ಓದುತ್ತಿದ್ದ ಕಥೆಗಳಲ್ಲಿ ಹಳ್ಳಿಯ ಹವ್ಯಾಸಿ ಪತ್ತೇದಾರರು ಇಂಥ ಕೊಲೆಗಳನ್ನೇ ಬಿಡಿಸುತ್ತಿದ್ದರು. ಆ ಪತ್ತೇದಾರರಲ್ಲಿ ಅಗ್ರಗಣ್ಯಳಾದ ಮಿಸ್ ಮಾರ್ಪಲ್ ಎಂಬ ವೃದ್ಧೆಯನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಈ ಬಗೆಯ ಕಥೆ ಹುಟ್ಟಿದ್ದು ಯಾವ ಸಮಾಜದಲ್ಲಿ? ಆಕೆಯ ವಿಚಾರಕ್ರಮಕ್ಕೂ ಇತಿಹಾಸಕಾರನ ವಿಚಾರಕ್ರಮಕ್ಕೂ ಇರುವ ಸಂಬಂಧವೇನು? ಆ ಕ್ರಮ ಎಡವಿದರೆ ಆಗುವ ಅನರ್ಥವೇನು? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂಬುದು ಕೊನೆಯಲ್ಲಿ ಸ್ಪಷ್ಟವಾಗುತ್ತದೆಂದು ನಂಬಿದ್ದೇವೆ.

೨

ಇಂಗ್ಲೆಂಡಿನಲ್ಲಿ ವೃತ್ತಿನಿರತ ಪತ್ತೇದಾರನು ತೀರ ಹಳೆಯ ಕಾಲದವನಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸು ಪಡೆ ಸ್ಥಾಪನೆಯಾದದ್ದು ೧೮೨೯ರಲ್ಲಿ. ಅದರಲ್ಲಿ ಪತ್ತೇದಾರರ ಪ್ರತ್ಯೇಕ ಶಾಖೆ ಏರ್ಪಟ್ಟದ್ದು ೧೮೪೨ರಲ್ಲಿ. ಎಲ್ಲ ಕೌಂಟಿಗಳೂ ಪೋಲೀಸು ಪಡೆಯನ್ನು ಇಟ್ಟುಕೊಳ್ಳಲೇಬೇಕೆಂಬ ಶಾಸನವಾದದ್ದು ೧೮೫೬ರಲ್ಲಿ. ಇದಾದ ನಾಲ್ಕೇ ವರ್ಷಗಳಲ್ಲಿ, ೧೮೬೦ರ ಜೂನ್ ಕೊನೆಯಲ್ಲಿ, ರೋಡ್ ಎಂಬ ಹಳ್ಳಿಯ ಸಿರಿವಂತರ ಮನೆಯೊಂದರಲ್ಲಿ ನಾಲ್ಕು ವರ್ಷವೂ ತುಂಬದ ಗಂಡುಮಗುವಿನ ಕೊಲೆ ನಡೆಯಿತು. ಲಂಡನ್ನಿನಿಂದ ಬಂದ ಜೊನಾಥನ್ ವಿಚರ್ ಎಂಬ ಪತ್ತೇದಾರನು, ಕಾಣೆಯಾದ ಒಂದು ರಾತ್ರಿಯುಡುಪಿನ ಆಧಾರದಿಂದ, ಮಗುವಿನ ಮಲಸೋದರಿ ಕಾನ್‌ಸ್ಟನ್ಸ್ ಕೆಂಟ್ ಎಂಬ ಹದಿನಾರು ವರ್ಷದ ಹುಡುಗಿಯನ್ನು ಬಂಧಿಸಿದನು. ಕೂಲಿಕಾರ ವರ್ಗದಿಂದ ಬಂದ ಪೋಲೀಸಿನವನೊಬ್ಬನು ದೊಡ್ಡವರ ಮನೆಯ ಒಳಕೋಣೆಗೆ ಹೊಕ್ಕು, ಮಗಳ ಬಟ್ಟೆಗಳನ್ನು ಎಣಿಸಿ, ಕೊಲೆಯ ಆಪಾದನೆ ಹೊರಿಸಿದನಲ್ಲಾ ಎಂದು ದೇಶವೆಲ್ಲ ಕೆರಳಿತು. ಹುಡುಗಿಯ ಬಿಡುಗಡೆಯಾಯಿತು, ವಿಚರನ ಕೀರ್ತಿ ಮಣ್ಣುಗೂಡಿತು. ಐದು ವರ್ಷಗಳ ಅನಂತರ, ೧೮೬೫ರಲ್ಲಿ, ಆಕೆಯೇ ತಪ್ಪೊಪ್ಪಿಕೊಂಡಳು.

ಈ ಪ್ರಕರಣದ ನೆರಳು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (೧೮೬೮) ಕಾದಂಬರಿಯ ಮೇಲೆ ಬಿದ್ದಿದೆ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೊಂದು ಸಂಗತಿ. ಮನೆಯೊಳಗಿನ ಗುಟ್ಟು ಹೊರಬರಬೇಕು. ಆದರೆ ಅದನ್ನು ಹೊರತೆಗೆಯುವವನು ಹೊರಗಿನವನಾದರೆ ಸಮಾಜ ಸಹಿಸುವುದಿಲ್ಲ. ಈ ಇಕ್ಕಟ್ಟಿಗೆ ಕಥಾಸಾಹಿತ್ಯ ಕಂಡುಕೊಂಡ ಪರಿಹಾರಗಳಲ್ಲಿ ಹವ್ಯಾಸಿ ಪತ್ತೇದಾರನೂ ಒಬ್ಬನು. ಆತನು ಸಂಬಳಕ್ಕೆ ದುಡಿಯುವವನಲ್ಲ, ಚಹಕ್ಕೆ ಕರೆಯಬಹುದಾದವನು, ಒಳಗಿನವನು.

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಈ ಕಥಾಪ್ರಕಾರ ತನ್ನ ನಿಯಮಗಳನ್ನೇ ರಚಿಸಿಕೊಂಡಿತು. ಪಾದ್ರಿಯೂ ಕಥೆಗಾರನೂ ಆಗಿದ್ದ ರೊನಾಲ್ಡ್ ನಾಕ್ಸ್ ೧೯೨೯ರಲ್ಲಿ ಹತ್ತು ಕಟ್ಟಳೆಗಳನ್ನು ವಿಧಿಸಿದನು. ಅತಿಮಾನುಷ ಶಕ್ತಿಗೆ ಅಲ್ಲಿ ಅವಕಾಶವಿಲ್ಲ. ಪತ್ತೇದಾರನಿಗೆ ದೊರೆತ ಸುಳಿವು ಓದುಗನಿಗೂ ದೊರೆಯತಕ್ಕದ್ದು. ೧೯೩೦ರಲ್ಲಿ ಲಂಡನ್ನಿನಲ್ಲಿ ‘ಡಿಟೆಕ್ಷನ್ ಕ್ಲಬ್’ ಎಂಬ ಲೇಖಕರ ಕೂಟ ಏರ್ಪಟ್ಟು, ಜಿ. ಕೆ. ಚೆಸ್ಟರ್‌ಟನ್ ಅದರ ಮೊದಲ ಅಧ್ಯಕ್ಷನಾದನು. ಅದೇ ವರ್ಷ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಹೊರಬಂದಿತು. ೧೯೨೭ರ ಡಿಸೆಂಬರಿನಲ್ಲಿ ಮಾಸಪತ್ರಿಕೆಯೊಂದರ ಸಣ್ಣಕಥೆಯಲ್ಲಿ ಮೊದಲು ಕಾಣಿಸಿಕೊಂಡಿದ್ದ ಮಿಸ್ ಜೇನ್ ಮಾರ್ಪಲ್ ಇದರಲ್ಲಿ ಪೂರ್ಣ ಕಾದಂಬರಿಯ ಪತ್ತೇದಾರಿಣಿಯಾದಳು. ಮುಂದೆ ಒಟ್ಟು ಹನ್ನೆರಡು ಕಾದಂಬರಿಗಳಲ್ಲಿಯೂ ಇಪ್ಪತ್ತು ಸಣ್ಣಕಥೆಗಳಲ್ಲಿಯೂ ಆಕೆ ಬರುತ್ತಾಳೆ. ೧೮೯೦ರಲ್ಲಿ ಡೆವನ್ ಕೌಂಟಿಯ ಟಾರ್ಕಿ ಪಟ್ಟಣದಲ್ಲಿ ಹುಟ್ಟಿದ ಅಗಾಥಾ ಕ್ರಿಸ್ಟಿ ೧೯೭೬ರಲ್ಲಿ ತೀರಿಕೊಂಡಳು. ಆಕೆಯ ಕೊನೆಯ ವರ್ಷಗಳವರೆಗೂ ಮಾರ್ಪಲ್ ಕಥೆಗಳು ಮುಂದುವರಿದುವು.

ಮಿಸ್ ಮಾರ್ಪಲ್ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಗ್ರಾಮದವಳು. ಮದುವೆಯಾಗದವಳು, ವಯಸ್ಸಾದವಳು. ಉಣ್ಣೆ ಹೆಣೆಯುತ್ತ ಕುಳಿತಿರುತ್ತಾಳೆ. ತೋಟದಲ್ಲಿ ಕಳೆ ಕೀಳುತ್ತಿರುವಂತೆ ತೋರುತ್ತ ಬೀದಿಯಲ್ಲಿ ಯಾರು ಹೋದರು, ಯಾರು ಬಂದರು ಎಂಬುದನ್ನು ಗಮನಿಸುತ್ತಾಳೆ. ಇಂಥವಳನ್ನು ಪತ್ತೇದಾರಿಣಿಯನ್ನಾಗಿ ಮಾಡಿದುದಕ್ಕೆ ಸಾಮಾಜಿಕ ಹಿನ್ನೆಲೆಯುಂಟು. ೧೯೨೧ರ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು ೧೭ ಲಕ್ಷ ಮಂದಿ ಹೆಚ್ಚಾಗಿದ್ದರು. ಯುದ್ಧ ಬಲಿತೆಗೆದುಕೊಂಡ ತರುಣರೂ ಇದಕ್ಕೆ ಒಂದು ಕಾರಣ. ಹೀಗೆ ಒಂಟಿಯಾಗಿ ಉಳಿದ ಹೆಂಗಸರನ್ನು ಅಂದಿನ ಪತ್ರಿಕೆಗಳು ‘ಹೆಚ್ಚುವರಿ’ ಎಂದು ಕರೆದುವು. ಮಾರ್ಪಲ್ ಇವರಿಗಿಂತ ಹಿಂದಿನ ತಲೆಮಾರಿನವಳು. ಆದರೂ ಸಮಾಜ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಈ ವರ್ಗದ ಪ್ರತಿನಿಧಿಯಾಗಿಯೇ ಆಕೆ ಓದುಗರಿಗೆ ಕಂಡಳು. ಆಕೆಯ ಎದುರಿನಲ್ಲಿ ಜನ ಎಚ್ಚರ ತಪ್ಪಿ ಮಾತಾಡುತ್ತಾರೆ. ಯಾರೂ ಲಕ್ಷಿಸದವಳು ಎಲ್ಲವನ್ನೂ ಲಕ್ಷಿಸುತ್ತಾಳೆ.

ಈ ಕಥೆಗಳ ಗ್ರಾಮವನ್ನೇ ನಿಜವಾದ ಇಂಗ್ಲೆಂಡು ಎಂದು ಭಾವಿಸುವುದು ಮಾತ್ರ ಸಲ್ಲದು. ೧೮೫೧ರ ಗಣತಿಯ ವೇಳೆಗಾಗಲೇ ಆ ದೇಶದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದರು. ಮಾರ್ಪಲ್ ಕಥೆಗಳನ್ನು ಓದಿದವರಲ್ಲಿ ಬಹುಮಂದಿ ಹಳ್ಳಿಯಲ್ಲಿ ಬಾಳಿದವರೇ ಅಲ್ಲ. ಅವರ ಪಾಲಿಗೆ ಅದೊಂದು ಹಂಬಲದ ಗ್ರಾಮ. ಕವಿ ಡಬ್ಲ್ಯು. ಎಚ್. ಆಡನ್ ೧೯೪೮ರ ‘ದಿ ಗಿಲ್ಟಿ ವಿಕರೇಜ್’ ಎಂಬ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ್ದಾನೆ: ನಿರ್ದೋಷವೆಂದು ತೋರುವ ಒಂದು ಸಮಾಜದಲ್ಲಿ ಕೊಲೆ ನಡೆದು ಎಲ್ಲರೂ ಶಂಕಿತರಾಗುತ್ತಾರೆ, ಅಪರಾಧಿ ಸಿಕ್ಕಿದೊಡನೆ ಉಳಿದವರ ಕಳಂಕ ತೊಳೆದುಹೋಗುತ್ತದೆ.

೩

ಮಿಸ್ ಮಾರ್ಪಲ್ ಅನುಸರಿಸುವ ಕ್ರಮವೇನು? ಕೊಲೆಯ ಸಂಗತಿ ಕೇಳಿದೊಡನೆ ಆಕೆಗೆ ತನ್ನ ಹಳ್ಳಿಯ ಯಾವುದೋ ಸಣ್ಣ ಘಟನೆ ನೆನಪಾಗುತ್ತದೆ: ಮೀನಿನಂಗಡಿಯವನ ಲೆಕ್ಕದ ಮೋಸವೋ, ಮನೆಗೆಲಸದ ಹುಡುಗಿಯ ಸುಳ್ಳೋ. ದೊಡ್ಡ ಮನುಷ್ಯನ ನಡತೆಯಲ್ಲಿ ಆಕೆ ಚಿಲ್ಲರೆ ಮನುಷ್ಯನ ನಡತೆಯ ಹೋಲಿಕೆಯನ್ನು ಕಾಣುತ್ತಾಳೆ. ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ ಎಂಬುದು ಆಕೆಯ ಮೂಲ ನಂಬಿಕೆ.

ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಸಾದೃಶ್ಯವು ಇಲ್ಲಿ ವಿಚಾರದ ಬಾಗಿಲು ಮಾತ್ರ. ನಿರ್ಣಯಕ್ಕೆ ಅನುಮಾನಪ್ರಮಾಣವೇ ಬೇಕು, ಅನುಮಾನಕ್ಕೆ ವ್ಯಾಪ್ತಿ ಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ನಿಯತ ಸಂಬಂಧ ತಿಳಿದಿದ್ದಾಗ ಮಾತ್ರ ಬೆಟ್ಟದ ಮೇಲಣ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಮೀನಿನಂಗಡಿಯವನಂತೆ ನಗುವವರೆಲ್ಲ ಮೋಸಗಾರರೆಂಬ ವ್ಯಾಪ್ತಿ ಇಲ್ಲ. ಆದಕಾರಣ ಮಾರ್ಪಲಳ ಹೋಲಿಕೆ ಆಕೆಗೆ ಶಂಕೆಯನ್ನು ಒದಗಿಸುತ್ತದೆಯೇ ಹೊರತು ಸಿದ್ಧಾಂತವನ್ನಲ್ಲ.

ಕಥೆಗಾರ್ತಿಗೆ ಈ ವ್ಯತ್ಯಾಸ ತಿಳಿದಿತ್ತೆಂಬುದಕ್ಕೆ ‘ದಿ ಥರ್ಟೀನ್ ಪ್ರಾಬ್ಲಮ್ಸ್’ (೧೯೩೨) ಸಂಕಲನದ ಕೊನೆಯ ಕಥೆ ನಿದರ್ಶನ. ಹಳ್ಳಿಯ ಹುಡುಗಿಯೊಬ್ಬಳು ಹೊಳೆಯಲ್ಲಿ ಮುಳುಗಿ ಸತ್ತಿದ್ದಾಳೆ. ಆಕೆ ಗರ್ಭಿಣಿ. ಊರಿನ ಶಂಕೆಯೆಲ್ಲ ಒಬ್ಬನ ಮೇಲೆ. ಮಾರ್ಪಲಳಿಗೆ ಕೊಲೆಗಾರ ಬೇರೆಯವನೆಂದು ಮನವರಿಕೆಯಾಗಿದೆ, ಆದರೆ ಆಧಾರವಿಲ್ಲ. ಆಕೆ ಸ್ಕಾಟ್‌ಲೆಂಡ್ ಯಾರ್ಡಿನ ನಿವೃತ್ತ ಅಧಿಕಾರಿಯೊಬ್ಬನ ಬಳಿಗೆ ಹೋಗಿ, ಒಂದು ಚೀಟಿಯ ಮೇಲೆ ಹೆಸರನ್ನು ಬರೆದುಕೊಟ್ಟು, ವಿಚಾರಣೆಯ ಮೇಲೆ ಕಣ್ಣಿಡುವಂತೆ ಬೇಡುತ್ತಾಳೆ. ಆಕೆಯ ಭಯ ಒಂದೇ: ತಪ್ಪಿಲ್ಲದವನು ಗಲ್ಲಿಗೇರಬಾರದು. ಅದೇ ಸಂಕಲನದ ಇನ್ನೊಂದು ಕಥೆಯಲ್ಲಿ ನಾಲ್ವರ ಮೇಲೆ ಶಂಕೆಯಿದೆ. ಒಬ್ಬನು ಮಾತ್ರ ತಪ್ಪಿತಸ್ಥ. ಸತ್ಯ ಹೊರಬೀಳದಿದ್ದರೆ ಉಳಿದ ಮೂವರು ಬದುಕಿರುವವರೆಗೂ ಆ ನೆರಳಿನಲ್ಲಿಯೇ ಬಾಳಬೇಕು. ಅಪರಾಧಿಯ ಶಿಕ್ಷೆಗಿಂತ ನಿರಪರಾಧಿಯ ಬಿಡುಗಡೆ ದೊಡ್ಡದೆಂಬ ಭಾವನೆ ಈ ಕಥೆಗಳ ತಳದಲ್ಲಿದೆ.

೪

ಇನ್ನು ಈ ಕಥೆಗಳನ್ನು ಇತಿಹಾಸದ ಆಕರಗಳಾಗಿ ಬಳಸಬಹುದೇ ಎಂಬ ಪ್ರಶ್ನೆ. ೧೯೪೪ರಲ್ಲಿ ನಾಜಿಗಳ ಗುಂಡಿಗೆ ಬಲಿಯಾದ ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್, ಇತಿಹಾಸಕಾರನ ಕಸುಬನ್ನು ಕುರಿತ ತನ್ನ ಗ್ರಂಥದಲ್ಲಿ, ಬೇಕೆಂದು ನುಡಿದ ಸಾಕ್ಷ್ಯಕ್ಕಿಂತ ತಮಗರಿವಿಲ್ಲದೆ ನುಡಿದವರ ಸಾಕ್ಷ್ಯ ಹೆಚ್ಚು ಬೆಲೆಯುಳ್ಳದ್ದೆಂದು ವಾದಿಸಿದ್ದಾನೆ. ಕಾದಂಬರಿಗೆ ಈ ತತ್ತ್ವವನ್ನು ಅನ್ವಯಿಸಿದರೆ, ಅದು ಹೇಳಹೊರಟ ಕಥೆ ಕಲ್ಪಿತ. ಆದರೆ ಹೇಳುವ ಅಗತ್ಯವೇ ಇಲ್ಲವೆಂದು ಸಹಜವಾಗಿ ಬಿಟ್ಟುಕೊಂಡ ವಿವರಗಳು ಕಾಲದ ಗುರುತುಗಳು.

೧೯೫೦ರ ಜೂನ್ ತಿಂಗಳಲ್ಲಿ ಪ್ರಕಟವಾದ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಚಿಪಿಂಗ್ ಕ್ಲೆಗ್‌ಹಾರ್ನ್ ಎಂಬ ಕಲ್ಪಿತ ಗ್ರಾಮದ ಸ್ಥಳೀಯ ಪತ್ರಿಕೆಯಲ್ಲಿ, ಇಂಥ ಮನೆಯಲ್ಲಿ ಇಂದು ಸಂಜೆ ಆರೂವರೆಗೆ ಕೊಲೆ ನಡೆಯಲಿದೆ ಎಂಬ ಜಾಹೀರಾತು ಬರುತ್ತದೆ. ಆಟವಿರಬಹುದೆಂದು ನೆರೆಯವರೆಲ್ಲ ನೆರೆಯುತ್ತಾರೆ. ದೀಪ ಆರುತ್ತದೆ; ಗುಂಡು ಹಾರುತ್ತದೆ; ದೀಪ ಬಂದಾಗ ಒಬ್ಬನು ಸತ್ತುಬಿದ್ದಿದ್ದಾನೆ. ಮುಂದಿನ ವಿವೇಚನೆಗಾಗಿ ರಹಸ್ಯದ ಸ್ವರೂಪವನ್ನು ಸ್ವಲ್ಪ ಹೊರಗೆಡಹಬೇಕಾಗಿದೆ; ಅಪರಾಧಿಯ ಹೆಸರನ್ನು ಮಾತ್ರ ವಾಚಕರ ಪಾಲಿಗೆ ಬಿಟ್ಟಿದ್ದೇವೆ.

ಆ ಸಂಜೆ ಬಂದ ಅತಿಥಿಗಳು ಒಬ್ಬರಾದ ಮೇಲೊಬ್ಬರು ಒಂದೇ ಮಾತನ್ನು ಆಡುತ್ತಾರೆ: ಮನೆಯನ್ನು ಬೆಚ್ಚಗಿಡುವ ಬಾಯ್ಲರನ್ನು ಆಗಲೇ ಹೊತ್ತಿಸಿದ್ದೀರಲ್ಲಾ ಎಂದು. ಇಂಧನದ ಅಭಾವವಿದ್ದ ದಿನಗಳವು. ಕೋಕ್ ಕಲ್ಲಿದ್ದಲು ಸುಲಭವಾಗಿ ದೊರೆಯುತ್ತಿರಲಿಲ್ಲ. ಅಂದಿನ ಓದುಗನಿಗೆ ಇದು ಬರಿಯ ಲೋಕಾಭಿರಾಮ. ಆದರೆ ಬಾಯ್ಲರು ಉರಿದರೆ ಕೋಣೆಯ ಒಲೆಯಲ್ಲಿ ಬೆಂಕಿ ಬೇಡ. ಬೆಂಕಿಯ ಬೆಳಕಿಲ್ಲದ ಕೋಣೆಯಲ್ಲಿ ದೀಪ ಆರಿದರೆ ಕಗ್ಗತ್ತಲೆ. ಇನ್ನೊಂದು ವಿವರ: ಹಳ್ಳಿಯಲ್ಲಿ ಬೆಣ್ಣೆ ತೆಗೆಯುವ ದಿನ ನೆರೆಯವರು ಒಬ್ಬರ ಮನೆಯಲ್ಲೊಬ್ಬರು ಬೆಣ್ಣೆಯನ್ನೋ ಮತ್ತೊಂದನ್ನೋ ಗುಟ್ಟಾಗಿ ಇಟ್ಟುಹೋಗುತ್ತಾರೆ. ಅದಕ್ಕಾಗಿ ಬಾಗಿಲುಗಳಿಗೆ ಬೀಗವಿಲ್ಲ. ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ, ಹಂದಿಮಾಂಸಗಳ ಪಡಿತರ ೧೯೪೦ರ ಜನವರಿಯಲ್ಲಿ ಆರಂಭವಾಗಿ, ಪಡಿತರ ಪದ್ಧತಿ ಪೂರ್ತಿ ಕೊನೆಗೊಂಡದ್ದು ೧೯೫೪ರ ಜುಲೈ ತಿಂಗಳಲ್ಲಿ. ಯುದ್ಧದ ಕಾಲದಲ್ಲಿ ಪಡಿತರಕ್ಕೊಳಗಾಗದಿದ್ದ ಬ್ರೆಡ್ಡು ಕೂಡ ೧೯೪೬ರಿಂದ ೧೯೪೮ರವರೆಗೆ ಪಡಿತರಕ್ಕೊಳಪಟ್ಟಿತು. ಈ ಗುಟ್ಟಿನ ವಿನಿಮಯ ಕಾನೂನಿಗೆ ವಿರುದ್ಧವಾದದ್ದು. ಗೌರವಸ್ಥರಾದ ಗ್ರಾಮವಾಸಿಗಳೆಲ್ಲ ಅದರಲ್ಲಿ ಪಾಲುಗಾರರು. ಇಂಥ ಸಂಗತಿ ಸರಕಾರದ ವರದಿಯಲ್ಲಿ ಅಂಕಿಯಾಗಿ ಸಿಕ್ಕೀತು. ಅದರ ನಿತ್ಯದ ರೂಪ ಸಿಕ್ಕುವುದು ಇಲ್ಲಿ.

ಕಾದಂಬರಿಯ ಮರ್ಮ ಇರುವುದು ಇನ್ನೂ ಆಳದಲ್ಲಿ. ಹಿಂದೆ ಹಳ್ಳಿಯಲ್ಲಿ ಪ್ರತಿಯೊಬ್ಬರೂ ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ಹೊಸಬರು ಬಂದರೆ ಪರಿಚಯಪತ್ರ ತರುತ್ತಿದ್ದರು. ಈಗ ಯಾರೋ ಬರುತ್ತಾರೆ, ಮನೆ ಕೊಳ್ಳುತ್ತಾರೆ, ತಾವು ಇಂಥವರೆನ್ನುತ್ತಾರೆ, ನಂಬಬೇಕಾಗುತ್ತದೆ ಎಂಬ ಅರ್ಥದ ಮಾತನ್ನು ಮಾರ್ಪಲ್ ತನಿಖಾಧಿಕಾರಿಗೆ ಹೇಳುತ್ತಾಳೆ. ಬಂದವರಲ್ಲಿ ಭಾರತದಿಂದ ಮರಳಿದ ಸೇನಾಧಿಕಾರಿಯೂ ಇದ್ದಾನೆ. ೧೯೪೭ರ ಅನಂತರ ಸಾಮ್ರಾಜ್ಯ ಕುಗ್ಗುತ್ತಿದ್ದಂತೆ ಹೊರದೇಶಗಳಲ್ಲಿ ಬಾಳಿದ ಇಂಗ್ಲಿಷರು ಹೀಗೆ ಹಳ್ಳಿಗಳಲ್ಲಿ ಬಂದು ನೆಲಸುತ್ತಿದ್ದರು. ಅವರನ್ನು ಗುರುತಿಸಲು ಇದ್ದದ್ದು ಪಡಿತರ ಪುಸ್ತಕ ಮತ್ತು ಗುರುತಿನ ಚೀಟಿ. ೧೯೩೯ರ ರಾಷ್ಟ್ರೀಯ ನೋಂದಣಿ ಶಾಸನದ ಪ್ರಕಾರ ಕೊಟ್ಟ ಸಾಮಾನ್ಯ ಚೀಟಿಯಲ್ಲಿ ಭಾವಚಿತ್ರವಾಗಲಿ ಬೆರಳಚ್ಚಾಗಲಿ ಇರಲಿಲ್ಲ. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಬಾಳುವುದು ಸಾಧ್ಯವಿತ್ತು. ಕಾದಂಬರಿಯ ಅಪರಾಧ ನಿಂತಿರುವುದು ಈ ಸಾಧ್ಯತೆಯ ಮೇಲೆಯೇ.

ಅದೇ ವರ್ಷ, ೧೯೫೦ರ ಡಿಸೆಂಬರಿನಲ್ಲಿ, ಕ್ಲಾರೆನ್ಸ್ ವಿಲ್‌ಕಾಕ್ ಎಂಬಾತನು ಪೋಲೀಸಿನವನಿಗೆ ಗುರುತಿನ ಚೀಟಿ ತೋರಿಸಲು ನಿರಾಕರಿಸಿದನು. ೧೯೫೧ರಲ್ಲಿ ಮೇಲ್ಮನವಿ ವಜಾ ಆಯಿತಾದರೂ, ಯುದ್ಧಕ್ಕೆಂದು ಮಾಡಿದ ಶಾಸನವನ್ನು ಶಾಂತಿಕಾಲದಲ್ಲಿ ಹೀಗೆ ಬಳಸುವುದನ್ನು ಮುಖ್ಯ ನ್ಯಾಯಾಧೀಶ ಗೊಡರ್ಡ್ ಖಂಡಿಸಿದನು. ೧೯೫೨ರ ಫೆಬ್ರವರಿಯಲ್ಲಿ ಚೀಟಿಗಳು ರದ್ದಾದುವು. ಪರಿಚಯ ಅಳಿದಲ್ಲಿ ಕಾಗದ ಬರುತ್ತದೆ. ಕಾಗದದ ಮೇಲೆ ಜನಕ್ಕೆ ನಂಬಿಕೆಯಿಲ್ಲ. ಅಂದಿನ ಇಂಗ್ಲೆಂಡಿನ ಈ ಕಳವಳ ನ್ಯಾಯಾಲಯದ ದಾಖಲೆಯಲ್ಲಿಯೂ ಕಾದಂಬರಿಯಲ್ಲಿಯೂ ಒಟ್ಟಿಗೆ ಕಾಣುತ್ತದೆ.

ಕಾದಂಬರಿಯ ಪೂರ್ವಗ್ರಹಗಳೂ ಸಾಕ್ಷ್ಯವೇ. ಮಿಟ್ಸಿ ಎಂಬ ನಿರಾಶ್ರಿತೆ ಆ ಮನೆಯ ಅಡುಗೆಯವಳು. ಯೂರೋಪಿನಲ್ಲಿ ತನ್ನವರನ್ನು ಕಳೆದುಕೊಂಡು ಬಂದವಳು. ಆಕೆಯ ಭಯವನ್ನು ಊರವರು ನಗೆಪಾಟಲು ಮಾಡುತ್ತಾರೆ. ಕಥೆಗಾರ್ತಿಯೂ ಬಹುಮಟ್ಟಿಗೆ ಅವರೊಡನೆ ನಗುತ್ತಾಳೆ. ೧೯೩೧ರಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ೧೩ ಲಕ್ಷಕ್ಕೂ ಮಿಕ್ಕಿ ಹೆಂಗಸರು ಮನೆಚಾಕರಿಯಲ್ಲಿದ್ದರು. ಯುದ್ಧದ ಅನಂತರ ಅವರು ಆ ಕೆಲಸಕ್ಕೆ ಮರಳಲು ಒಲ್ಲದೆ ಹೋದರು. ಅವರ ಜಾಗಕ್ಕೆ ಬಂದ ನಿರಾಶ್ರಿತೆಯ ವಿಚಾರದಲ್ಲಿ ಮಧ್ಯಮವರ್ಗಕ್ಕಿದ್ದ ಅಸಹನೆ ಈ ನಗೆಯಲ್ಲಿ ಅಚ್ಚಾಗಿ ಉಳಿದಿದೆ.

೫

ಈಗ ಕಾಲಿಂಗ್‌ವುಡ್ಡರ ಕಥೆಗೆ ಬರೋಣ. ಒಂದು ಭಾನುವಾರ ಬೆಳಿಗ್ಗೆ ಜಾನ್ ಡೋ ಎಂಬಾತನು ತನ್ನ ಮೇಜಿನ ಮೇಲೆ ಬೆನ್ನಿಗೆ ಕಠಾರಿ ನಾಟಿ ಸತ್ತುಬಿದ್ದಿದ್ದಾನೆ. ಪಾದ್ರಿಯ ನೆರೆಯ ವೃದ್ಧೆಯೊಬ್ಬಳು ಠಾಣೆಗೆ ಬಂದು, ತಾನೇ ಕೊಂದೆನೆನ್ನುತ್ತಾಳೆ. ಹಳ್ಳಿಯ ಪೋಲೀಸಿನವನು ಮನೆಗೆ ಹೋಗಿ ಮಾತ್ರೆ ನುಂಗಿ ಮಲಗಮ್ಮ ಎಂಬ ಧಾಟಿಯಲ್ಲಿ ಕಳುಹಿಸಿಬಿಡುತ್ತಾನೆ. ಕಳ್ಳಬೇಟೆಗಾರನೊಬ್ಬನು ಬಂದು, ಜಮೀನುದಾರನ ಬೇಟೆಗಾವಲಿನವನು ಕಿಟಕಿ ಹತ್ತುವುದನ್ನು ಕಂಡೆನೆನ್ನುತ್ತಾನೆ. ಇಬ್ಬರ ವೈರ ಊರಿಗೇ ಗೊತ್ತು. ಕೊನೆಗೆ ಪಾದ್ರಿಯ ಮಗಳು ಓಡಿಬಂದು ಕೊಲೆ ತನ್ನದೇ ಎನ್ನುತ್ತಾಳೆ. ಪೋಲೀಸಿನವನು ಅವಳನ್ನೂ ನಂಬುವುದಿಲ್ಲ. ಆದರೆ ಅವಳು ಯಾರನ್ನು ಉಳಿಸಲು ಹೀಗೆ ಹೇಳುತ್ತಿದ್ದಾಳೆಂದು ಯೋಚಿಸುತ್ತಾನೆ. ಅವಳು ಮೆಚ್ಚಿದ ವೈದ್ಯವಿದ್ಯಾರ್ಥಿ ಅಂದು ಪಾದ್ರಿಯ ಮನೆಯಲ್ಲಿಯೇ ತಂಗಿದ್ದನಲ್ಲವೆ?

ಮುಂದೆ ಸ್ಕಾಟ್‌ಲೆಂಡ್ ಯಾರ್ಡಿನ ಅಧಿಕಾರಿ ಬಂದು ನೋಡುವುದು ಬೇರೆಯೇ ವಸ್ತುಗಳನ್ನು: ಕಠಾರಿಯ ಹಿಡಿಗೆ ಅಂಟಿದ ಹಸಿರು ಬಣ್ಣ, ಎರಡು ತೋಟಗಳ ನಡುವಣ ಬಾಗಿಲಿಗೆ ಅಂದೇ ಬಳಿದ ಬಣ್ಣ, ಪಾದ್ರಿಯ ಮನೆಯ ಕಸದ ತೊಟ್ಟಿಯಲ್ಲಿ ಸುಟ್ಟ ಕೈಚೀಲಗಳ ಲೋಹದ ಗುಂಡಿಗಳು, ಮಳೆಯಲ್ಲಿ ನೆನೆದು ಕೆಟ್ಟು ದಾನವಾಗಿ ಹೋದ ಕೋಟಿನ ತೋಳಿನ ಮೇಲಣ ಬಣ್ಣ. ಸತ್ತವನು ಮನೆತನದ ಗುಟ್ಟೊಂದನ್ನು ಹಿಡಿದುಕೊಂಡು ಪಾದ್ರಿಯನ್ನು ವರ್ಷಗಟ್ಟಲೆ ಹೆದರಿಸಿ ಹಣ ಕೀಳುತ್ತಿದ್ದನು. ಕೊಂದವನು ಪಾದ್ರಿಯೇ.

ಈ ಕಥೆಯಿಂದ ಕಾಲಿಂಗ್‌ವುಡ್ಡರು ತೆಗೆಯುವ ತಾತ್ಪರ್ಯ ಹೀಗಿದೆ. ಆಕರಗಳು ನುಡಿದ ಮಾತುಗಳನ್ನು ಆಯ್ದು, ಕತ್ತರಿಸಿ, ಅಂಟಿಸಿ ಇತಿಹಾಸ ಬರೆಯುವವನು ‘ಈ ಮಾತು ನಿಜವೋ ಸುಳ್ಳೋ’ ಎಂದಷ್ಟೇ ಕೇಳುತ್ತಾನೆ. ನಿಜವೆಂದು ತೋರಿದರೆ ಸೇರಿಸುತ್ತಾನೆ. ಸುಳ್ಳೆಂದು ತೋರಿದರೆ ಬಿಸುಡುತ್ತಾನೆ. ನಿಜವಾದ ಇತಿಹಾಸಕಾರನು ಕೇಳುವುದು, ‘ಈತನು ಈ ಮಾತನ್ನು ಆಡಿದನೆಂಬುದರಿಂದ ಏನು ತಿಳಿಯುತ್ತದೆ?’ ಎಂದು. ಹೀಗೆ ಕೇಳಿದಾಗ ಸುಳ್ಳೂ ಸಾಕ್ಷ್ಯವಾಗುತ್ತದೆ. ಪಾದ್ರಿಯ ಮಗಳ ಸುಳ್ಳು ಆಕೆಗಿದ್ದ ಭಯದ ಸಾಕ್ಷ್ಯವಾದಂತೆ. ಮೂಕವಸ್ತುವೂ ಪ್ರಶ್ನೆ ಸರಿಯಾಗಿದ್ದರೆ ಉತ್ತರ ಕೊಡುತ್ತದೆ. ಎಲ್ಲವನ್ನೂ ಕೂಡಿಹಾಕಿ ಆಮೇಲೆ ಯೋಚಿಸುತ್ತೇನೆನ್ನುವುದು ಸಲ್ಲದೆಂಬುದಕ್ಕೆ ಅವರು ಕ್ರಿಸ್ಟಿಯ ಮತ್ತೊಬ್ಬ ಪತ್ತೇದಾರನಾದ ಹರ್ಕ್ಯುಲ್ ಪೊಯಿರೋನನ್ನೇ ನೆನೆಯುತ್ತಾರೆ.

ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ಶಾಸನದ ಪ್ರಶಸ್ತಿಯಲ್ಲಿ ಅರಸನು ಹತ್ತಾರು ರಾಜ್ಯಗಳನ್ನು ಗೆದ್ದನೆಂದಿದ್ದರೆ, ಅದನ್ನು ಹಾಗೆಯೇ ಬರೆದುಕೊಳ್ಳುವುದೂ, ಕವಿಯ ಉತ್ಪ್ರೇಕ್ಷೆಯೆಂದು ತಳ್ಳಿಬಿಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಈ ಹೆಸರುಗಳನ್ನೇ ಏಕೆ ಎತ್ತಿದರು, ಯಾರು ಓದಲೆಂದು ಕೆತ್ತಿಸಿದರು ಎಂದು ಕೇಳಿದಾಗಲೇ ವಿಚಾರ ಆರಂಭವಾಗುತ್ತದೆ. ಶಬ್ದಪ್ರಮಾಣದಿಂದ ಅನುಮಾನಪ್ರಮಾಣಕ್ಕೆ ದಾಟುವುದೆಂದರೆ ಇದೇ.

೬

ಇಷ್ಟರವರೆಗೆ ಹೇಳಿದುದು ಕಥೆಗಳ ಮಾತು. ಕಥೆಯಲ್ಲಿ ಸತ್ಯ ಕಡೆಯ ಅಧ್ಯಾಯದಲ್ಲಿ ಖಂಡಿತವಾಗಿ ಹೊರಬೀಳುತ್ತದೆ. ಲೋಕದಲ್ಲಿ ಹಾಗಾಗದೆ ಹೋದುದಕ್ಕೆ ಅದೇ ೧೯೫೦ನೆಯ ವರ್ಷವೇ ಸಾಕ್ಷಿ.

ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದ ರಿಲಿಂಗ್ಟನ್ ಪ್ಲೇಸ್ ಬೀದಿಯ ಹತ್ತನೆಯ ನಂಬರು ಮನೆಯ ಮೇಲಂತಸ್ತಿನಲ್ಲಿ ತಿಮೊಥಿ ಎವನ್ಸ್ ಎಂಬ ತರುಣನು ಹೆಂಡತಿ ಮತ್ತು ಎಳೆಯ ಮಗಳೊಡನೆ ವಾಸವಾಗಿದ್ದನು. ೧೯೪೯ರ ಕೊನೆಯಲ್ಲಿ ತಾಯಿ ಮಗು ಇಬ್ಬರೂ ಕೊಲೆಯಾದರು. ಎವನ್ಸ್ ಪೋಲೀಸರೆದುರು ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ಕೊಟ್ಟನು. ಒಂದರಲ್ಲಿ ತಪ್ಪನ್ನು ಒಪ್ಪಿಕೊಂಡನು. ಆಮೇಲೆ ಅದನ್ನು ಹಿಂತೆಗೆದುಕೊಂಡು, ಕೆಳಮನೆಯ ಜಾನ್ ಕ್ರಿಸ್ಟಿಯೇ ಕೊಲೆಗಾರನೆಂದನು. (ಈತನಿಗೂ ಕಾದಂಬರಿಗಾರ್ತಿಗೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ.) ಯುದ್ಧಕಾಲದಲ್ಲಿ ಮೀಸಲು ಪೋಲೀಸಿನವನಾಗಿದ್ದ ಜಾನ್ ಕ್ರಿಸ್ಟಿ ಸರಕಾರದ ಪಕ್ಷದ ಮುಖ್ಯ ಸಾಕ್ಷಿಯಾಗಿ ನಿಂತನು. ಆತನಿಗೆ ಹಿಂದೆ ಶಿಕ್ಷೆಯಾಗಿದ್ದರೂ ಪಂಚಾಯತರು ಆತನ ಮಾತನ್ನು ನಂಬಿದರು. ಎವನ್ಸನ ಮಾತನ್ನು ನಂಬಲಿಲ್ಲ. ಮಗಳ ಕೊಲೆಯ ಅಪರಾಧಕ್ಕಾಗಿ ೧೯೫೦ರ ಮಾರ್ಚಿ ೯ರಂದು ಎವನ್ಸನನ್ನು ಗಲ್ಲಿಗೇರಿಸಿದರು. ಮೂರು ವರ್ಷಗಳ ಅನಂತರ, ೧೯೫೩ರ ಮಾರ್ಚಿಯಲ್ಲಿ, ಜಾನ್ ಕ್ರಿಸ್ಟಿಯ ಮನೆಯಲ್ಲಿ ಹೆಂಗಸರ ಹೆಣಗಳು ಸಿಕ್ಕಿದುವು. ಎವನ್ಸನ ಹೆಂಡತಿಯನ್ನು ತಾನೇ ಕೊಂದೆನೆಂದು ಆತನು ಒಪ್ಪಿಕೊಂಡನು. ಜುಲೈ ತಿಂಗಳಲ್ಲಿ ಗ‌ಲ್ಲಿಗೇರಿದನು.

ಇಷ್ಟಾದರೂ ಪ್ರಕರಣ ಮುಗಿಯಲಿಲ್ಲ. ೧೯೫೩ರ ಸರಕಾರೀ ವಿಚಾರಣೆ ಎವನ್ಸನೇ ತಪ್ಪಿತಸ್ಥನೆಂದಿತು. ಪತ್ರಿಕೋದ್ಯೋಗಿ ಲುಡೊವಿಕ್ ಕೆನೆಡಿ ೧೯೬೧ರ ತನ್ನ ಗ್ರಂಥದಲ್ಲಿ ಅದನ್ನು ವಿರೋಧಿಸಿದನು. ನ್ಯಾಯಾಧೀಶ ಬ್ರೇಬಿನ್ ನಡೆಸಿದ ಎರಡನೆಯ ವಿಚಾರಣೆಯ ಅನಂತರ ೧೯೬೬ರ ಅಕ್ಟೋಬರಿನಲ್ಲಿ ಎವನ್ಸನಿಗೆ ಮರಣೋತ್ತರ ಕ್ಷಮಾದಾನವಾಯಿತು. ಗ್ರೇಟ್ ಬ್ರಿಟನ್ನಿನಲ್ಲಿ ಕೊಲೆಯ ಅಪರಾಧಕ್ಕೆ ಮರಣದಂಡನೆ ೧೯೬೫ರಲ್ಲಿ ಅಮಾನತಾಗಿ ೧೯೬೯ರಲ್ಲಿ ಶಾಶ್ವತವಾಗಿ ರದ್ದಾದುದಕ್ಕೆ ಬಲಕೊಟ್ಟ ಪ್ರಕರಣಗಳಲ್ಲಿ ಇದು ಪ್ರಮುಖವಾದುದು.

ಕಾಲಿಂಗ್‌ವುಡ್ಡರ ಕಥೆಯ ಪೋಲೀಸಿನವನು ಬಾಯಾರೆ ಬಂದ ತಪ್ಪೊಪ್ಪಿಗೆಯನ್ನು ನಂಬದೆ, ಹೀಗೇಕೆ ಹೇಳುತ್ತಾರೆಂದು ಕೇಳಿದನು. ಎವನ್ಸನ ಪ್ರಕರಣದಲ್ಲಿ ತಪ್ಪೊಪ್ಪಿಗೆಯನ್ನು ಕತ್ತರಿಸಿ ಇಟ್ಟುಕೊಂಡರು. ಅದರ ಹಿಂತೆಗೆತವನ್ನು ಬಿಸುಟರು. ಎರಡೂ ಒಂದೇ ಬಾಯಿಂದ ಬಂದವು. ಎರಡಕ್ಕೂ ಅರ್ಥ ಬೇಕಾಗಿತ್ತು. ನೆರೆಯವನ ಮಾತನ್ನು ಆತನ ಹಳೆಯ ಸಮವಸ್ತ್ರದ ಬಲದಿಂದ ಆಪ್ತವಾಕ್ಯವೆಂದು ಸ್ವೀಕರಿಸಿದರು. ಮಾರ್ಪಲಳ ಹಳ್ಳಿಯಲ್ಲಿ ನೆರೆಯವರ ಅರಿವು ನಿರಪರಾಧಿಯನ್ನು ಉಳಿಸುತ್ತದೆ. ರಿಲಿಂಗ್ಟನ್ ಪ್ಲೇಸಿನಲ್ಲಿ ನೆರೆಯವನ ಸಾಕ್ಷ್ಯವೇ ನಿರಪರಾಧಿಯನ್ನು ಕೊಂದಿತು.

೭

ನ್ಯಾಯಾಲಯಕ್ಕೂ ಇತಿಹಾಸಕ್ಕೂ ಕಾಲಿಂಗ್‌ವುಡ್ಡರೇ ತೋರಿಸಿರುವ ಒಂದು ಭೇದವಿದೆ. ನ್ಯಾಯಾಲಯ ಗೊತ್ತಾದ ಕಾಲದೊಳಗೆ, ಇದ್ದ ಸಾಕ್ಷ್ಯದಿಂದ, ತೀರ್ಪು ಕೊಡಲೇಬೇಕು. ಇತಿಹಾಸಕಾರನಿಗೆ ಆ ನಿರ್ಬಂಧವಿಲ್ಲ. ಸಾಕ್ಷ್ಯ ಸಾಲದಿದ್ದರೆ ಆತನು ಕಾಯಬಹುದು. ಈ ಸ್ವಾತಂತ್ರ್ಯ ಆತನ ಹೊಣೆಯನ್ನು ಹಗುರ ಮಾಡುವುದಿಲ್ಲ. ಆತನ ಮುಂದೆ ನಿಂತವರು ಸತ್ತವರು. ತಮ್ಮ ಪರವಾಗಿ ಮೇಲ್ಮನವಿ ಸಲ್ಲಿಸಲಾರರು. ದೇಶದ್ರೋಹಿಯೆಂದೋ, ಕ್ರೂರನೆಂದೋ, ಮೂರ್ಖನೆಂದೋ ಪಠ್ಯಪುಸ್ತಕದಲ್ಲಿ ಒಮ್ಮೆ ಅಚ್ಚಾದ ಹೆಸರು ತಲೆಮಾರುಗಳವರೆಗೆ ಹಾಗೆಯೇ ನಡೆಯುತ್ತದೆ. ನಾವು ತರಗತಿಯಲ್ಲಿ ಅದನ್ನು ಮತ್ತೆ ಹೇಳಿದಾಗಲೆಲ್ಲ ಆ ತೀರ್ಪಿಗೆ ಸಹಿ ಹಾಕಿದಂತೆಯೇ.

ಆದುದರಿಂದ ಪತ್ತೇದಾರಿ ಕಾದಂಬರಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ನಾವು ಹಿಂಜರಿಯಬೇಕಾಗಿಲ್ಲ. ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಅವರನ್ನು ತಡೆದು, ಇದುವರೆಗೆ ಯಾರು ಯಾವ ಮಾತನ್ನು ಏಕೆ ಆಡಿದರು, ಯಾವ ವಸ್ತು ಏನನ್ನು ಹೇಳುತ್ತಿದೆ, ಯಾವುದು ಶಂಕೆ, ಯಾವುದು ಸಿದ್ಧ ಎಂದು ಎರಡು ಪುಟ ಬರೆಯಿಸಿದರೆ, ಆಕರವಿಮರ್ಶೆಯ ಒಂದು ಪಾಠ ನಡೆದಂತಾಗುತ್ತದೆ. ಬಳಿಕ ಎವನ್ಸನ ಪ್ರಕರಣವನ್ನು ಅವರ ಮುಂದಿಟ್ಟರೆ, ಆ ಪಾಠ ಏತಕ್ಕೆಂಬುದೂ ತಿಳಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಸೇಂಟ್ ಮೇರಿ ಮೀಡಿನ ಆ ವೃದ್ಧೆಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.